ಅಂಬಾಸಿಡರ್ ಅಡಿಯ ಆ ನಾಲ್ಕು ಬೋಲ್ಟು

ಮೊದಲ ಗೇರ್ ಹಾಕಿ ಕ್ಲಚ್ ಬಿಟ್ಟ ಕೂಡಲೇ ಹಿಂದಿನ ಸೀಟಿನ ಕೆಳಗಿಂದ ‘ಟಕ್’ ಅಂತ ಸದ್ದು ಬರ್ತದಾ? ರಿವರ್ಸ್ ಹಾಕಿದಾಗ ಇನ್ನೊಮ್ಮೆ ‘ಟಕ್’? ಅರವತ್ತರ ವೇಗ ದಾಟಿದ ಮೇಲೆ ಕಾಲಡಿಯ ತಗಡು ಜುಮ್ಮೆನ್ನುತ್ತದಾ? ನಿಮ್ಮ ಮನೆಯಲ್ಲಿ ಅಂಬಾಸಿಡರ್, ಪದ್ಮಿನಿ ಅಥವಾ ಹಳೆ ಜೀಪು ಇದ್ದು, ಈ ಪ್ರಶ್ನೆಗಳಿಗೆ ‘ಹೌದು’ ಅಂತ ಉತ್ತರ ಇದ್ದರೆ, ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡುವ ಕಾಲ ಬಂದಿದೆ ಅಂತ ತಿಳಿಯಿರಿ.

ಔರಾದ್ ತಾಲೂಕಿನ ಎಕಂಬಾದಲ್ಲಿ, ನಮ್ಮ ಕಾಕಾನ ಅಂಗಳದಲ್ಲಿ, ಒಂದು ಅಂಬಾಸಿಡರ್ ಇದೆ. ಮಾರ್ಕ್ 4, 1489 ಸಿಸಿ ಪೆಟ್ರೋಲ್ ಎಂಜಿನ್. ಸರ್ಕಾರದ 2021ರ ನಿಯಮದ ಪ್ರಕಾರ ‘ವಿಂಟೇಜ್’ ಅನ್ನಿಸಿಕೊಳ್ಳಲು ಗಾಡಿಗೆ 50 ವರ್ಷ ತುಂಬಬೇಕು. ನಮ್ಮದಕ್ಕೆ ಇನ್ನೂ ಆ ಭಾಗ್ಯ ಇಲ್ಲ. ಆದರೆ ಮನೆಯ ಲೆಕ್ಕವೇ ಬೇರೆ. ಅಜ್ಜಿಯನ್ನು ಬೀದರ್ ದವಾಖಾನೆಗೆ ಒಯ್ದದ್ದು ಇದೇ ಗಾಡಿ, ಡಿಕ್ಕಿ ತುಂಬ ತೊಗರಿ ಚೀಲ ಹೊತ್ತದ್ದು ಇದೇ ಗಾಡಿ, ಅತ್ತೆಯರನ್ನು ಗಂಡನ ಮನೆಗೆ ಬಿಟ್ಟು ಬಂದದ್ದೂ ಇದೇ ಗಾಡಿ.

ನಾನು ಹೈದರಾಬಾದಿನಲ್ಲಿ ಕೆಲಸ ಮಾಡುವವಳು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಹೇಳಿದ್ರು: “ತಂಗಿ, ಐತವಾರ ಬೀದರ್‌ದಾಗ ನಿಶ್ಚಯ ಅದ. ಏಳು ಮಂದಿ ಇದೇ ಗಾಡ್ಯಾಗ ಹೋಗೋಣು. ಬರೇ ಕೆಳಗ ಜರಾ ಸಪ್ಪಳ ಬರ್ಲತ್ತದ.” ಆ ‘ಜರಾ ಸಪ್ಪಳ’ದ ಹಿಂದೆ ಹೋಗಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸದ್ದು ಎಲ್ಲಿಂದ ಬರ್ತದೆ?

ಅಂಬಾಸಿಡರ್‌ನಲ್ಲಿ ಎಂಜಿನ್ ಮುಂದೆ, ಗಾಡಿ ನೂಕುವ ಚಕ್ರಗಳು ಹಿಂದೆ. ನಡುವೆ ಉದ್ದಕ್ಕೆ ಒಂದು ಕಬ್ಬಿಣದ ಕೊಳವೆ ತಿರುಗುತ್ತಿರುತ್ತದೆ. ಅದು ಪ್ರೊಪೆಲ್ಲರ್ ಶಾಫ್ಟ್. ಹಿಂದಿನ ಆಕ್ಸಲ್ ಕಮಾನು ಪಟ್ಟಿಗಳ ಮೇಲೆ ಕೂತಿದ್ದರಿಂದ ರಸ್ತೆಯ ತಗ್ಗು-ದಿಬ್ಬಕ್ಕೆ ತಕ್ಕಂತೆ ಮೇಲೆ ಕೆಳಗೆ ಆಡುತ್ತದೆ. ಎಂಜಿನ್ ಮಾತ್ರ ತನ್ನ ಜಾಗ ಬಿಡುವುದಿಲ್ಲ. ಹಾಗಾಗಿ ಶಾಫ್ಟ್ ತಿರುಗುತ್ತಲೇ ಮಣಿಯಬೇಕು. ಆ ಮಣಿಯುವ ಕೆಲಸ ಅದರ ಎರಡು ತುದಿಯ ಯೂನಿವರ್ಸಲ್ ಜಾಯಿಂಟ್‌ಗಳದ್ದು. ನಮ್ಮ ಕಡೆ ಮಿಸ್ತ್ರಿಗಳು ಅದನ್ನು ‘ಕ್ರಾಸ್’ ಅಂತಾರೆ. ಕೂಡಿಸುವ ಗುರುತಿನ ಆಕಾರದ ತುಂಡು, ನಾಲ್ಕು ತುದಿಗೆ ನಾಲ್ಕು ಪುಟ್ಟ ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ಬೇರಿಂಗ್. ಈ ಉಪಾಯ ಹಳೆಯದು. ಇಟಲಿಯ ಕಾರ್ಡಾನೊ, ಇಂಗ್ಲೆಂಡಿನ ರಾಬರ್ಟ್ ಹುಕ್ ಅವರ ಹೆಸರುಗಳು ಇದಕ್ಕೆ ಅಂಟಿಕೊಂಡಿವೆ. ಮೋಟಾರು ಗಾಡಿಗೆ ಒಗ್ಗುವಂತೆ ಮಾಡಿ 1903ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್.

ಈ ಜಾಯಿಂಟ್‌ನ ಹಿಂದಿನ ತುದಿಗೆ ಒಂದು ಚಪ್ಪಟೆ ತಟ್ಟೆ ಇರುತ್ತದೆ, ಅದೇ ಫ್ಲ್ಯಾಂಜ್. ಆಕ್ಸಲ್ ನಡುವಿನ ಗುಂಡನೆ ಡಬ್ಬ, ಅಂದರೆ ಡಿಫರೆನ್ಷಿಯಲ್, ಅದಕ್ಕೂ ಅಂಥದ್ದೇ ಒಂದು ತಟ್ಟೆ. ಎರಡನ್ನೂ ಮುಖಕ್ಕೆ ಮುಖ ಹಿಡಿದಿರುವುದು ನಾಲ್ಕು ಬೋಲ್ಟು. ಎಂಜಿನ್ನಿನ ಅಷ್ಟೂ ತಾಕತ್ತು ಚಕ್ರಕ್ಕೆ ಹೋಗುವುದು ಈ ನಾಲ್ಕರ ಹಿಡಿತದಿಂದ.

ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಶಾಫ್ಟ್ ನಾಲ್ಕಕ್ಕಿಂತ ಹೆಚ್ಚು ಸುತ್ತು ಹಾಕುತ್ತದೆ. ಅರವತ್ತರ ವೇಗದಲ್ಲಿ ಅದು ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ. ಆಗ ಹಿಂದಿನ ತುದಿ ಕಳಚಿದರೆ ಶಾಫ್ಟ್ ದೊಣ್ಣೆಯ ಹಾಗೆ ಬೀಸಿ ಕಾಲಡಿಯ ತಗಡಿಗೂ ಬ್ರೇಕ್ ಪೈಪಿಗೂ ಬಡಿಯುತ್ತದೆ. ಮುಂದಿನ ತುದಿ ಬಿದ್ದರೆ ಇನ್ನೂ ಕಷ್ಟ, ಅದು ರಸ್ತೆಗೆ ಊರಿಕೊಂಡು ಗಾಡಿಯನ್ನೇ ಎತ್ತಬಹುದು. ಏಳು ಮಂದಿ ಕೂತ ಗಾಡಿಯಲ್ಲಿ ‘ಜರಾ ಸಪ್ಪಳ’ ಅಂತ ಬಿಡುವ ಮಾತು ಅಲ್ಲ ಅದು.

ಬಿಚ್ಚುವ ಮೊದಲು

ಊರಿನ ಹತ್ತಿರದ ಎರಡು ಗ್ಯಾರೇಜಿನ ಹುಡುಗರಿಗೆ ಕೇಳಿದೆವು. ಅಂಬಾಸಿಡರ್ ಅಂದಕೂಡಲೇ ಕೈ ಮುಗಿದರು. ಕೊನೆಗೆ ಕಾಕಾನ ದೋಸ್ತ್, ಈಗ ಕೆಲಸ ಬಿಟ್ಟು ಮನೆಯಲ್ಲಿರುವ ಒಬ್ಬ ಹಿರಿಯ ಮಿಸ್ತ್ರಿ, ಬಂದು ಕೂತರು. ನಾನು ಅವರನ್ನು ಚಾಚಾ ಅಂತ ಕರೀತೀನಿ. ಮೊಣಕಾಲು ನೋವು, ಗಾಡಿ ಕೆಳಗೆ ಹೋಗಲಾರರು. “ನಾ ಹೇಳ್ತೀನಿ, ನೀ ಮಾಡು ಬೇಟಾ” ಅಂದರು.

ಮೊದಲ ಪಾಠ ಪಾನಾದ್ದಲ್ಲ, ನೆಲದ್ದು. ನಮ್ಮದು ಎರೆ ಮಣ್ಣು. ಮಳೆ ಬಿದ್ದ ಮೇಲೆ ಜಾಕಿನ ಪಾದ ಸದ್ದಿಲ್ಲದೆ ಇಳಿಯುತ್ತದೆ. ಗಾಡಿಯನ್ನು ಅಂಗಳದ ಫರಸಿ ಕಲ್ಲಿನ ಮೇಲೆ ತಂದೆವು. ಜಾಕಿನ ಕೆಳಗೆ ದಪ್ಪ ಹಲಗೆ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ-ಮುಂದೆ ಕಟ್ಟಿಗೆಯ ಅಡ್ಡ. ಇದು ಯಾಕೆ ಅಂದರೆ, ಶಾಫ್ಟ್ ಬಿಚ್ಚಿದ ಮೇಲೆ ಗಾಡಿ ಗೇರಿನಲ್ಲಿದ್ದರೂ ನಿಲ್ಲುವುದಿಲ್ಲ. ಗೇರಿಗೂ ಚಕ್ರಕ್ಕೂ ಇದ್ದ ಸಂಬಂಧವೇ ಆಗ ಕಡಿದುಹೋಗಿರುತ್ತದೆ. ಇನ್ನು ಹಿಂದಿನ ಚಕ್ರಗಳು ನೆಲ ಬಿಟ್ಟಿದ್ದರೆ ಹ್ಯಾಂಡ್‌ಬ್ರೇಕಿಗೂ ಹಿಡಿಯಲು ನೆಲ ಇಲ್ಲ.

ಜಾಕ್ ಎತ್ತಲಿಕ್ಕೆ ಮಾತ್ರ, ಹೊತ್ತು ನಿಲ್ಲಲಿಕ್ಕೆ ಅಲ್ಲ. ಆಕ್ಸಲ್ ಕೊಳವೆಯ ಕೆಳಗೆ ಎರಡು ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಕೈಯಿಂದ ಅಲುಗಾಡಿಸಿ ನೋಡಿದ ಮೇಲೆಯೇ ನಾನು ಕೆಳಗೆ ಹೋದದ್ದು. ಇಟ್ಟಿಗೆ ಪೇರಿಸಿ ಕೆಲಸ ಮಾಡುವವರನ್ನು ನೀವೂ ನೋಡಿರಬಹುದು. ಇಟ್ಟಿಗೆ ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ.

ಆಮೇಲೆ ತಂತಿ ಬ್ರಷ್. ಫ್ಲ್ಯಾಂಜ್ ಮೇಲೆ ಗ್ರೀಸು, ಮಣ್ಣು ಸೇರಿ ರೊಟ್ಟಿಯಂತೆ ಕಟ್ಟಿಕೊಂಡಿತ್ತು. ಬೋಲ್ಟಿನ ತಲೆ ಪೂರಾ ಕಾಣುವವರೆಗೆ ಕೆರೆದು, ತುಕ್ಕು ಬಿಡಿಸುವ ಎಣ್ಣೆ ಹೊಡೆದು, ರಾತ್ರಿಯಿಡೀ ಬಿಟ್ಟೆವು. “ಬಿಚ್ಚೋದು ತಾಕತ್ತಿನ ಕೆಲ್ಸ ಅಲ್ಲ ಬೇಟಾ, ಸಬರ್ ಕೆಲ್ಸ” ಅಂದರು ಚಾಚಾ.

ಎಂಎಂ ಪಾನಾ, ಇಂಚಿನ ಬೋಲ್ಟು

ಈಗಿನ ಟೂಲ್ ಕಿಟ್‌ಗಳಲ್ಲಿ ಬರುವುದೆಲ್ಲ ಎಂಎಂ ಪಾನಾ. ಅಂಬಾಸಿಡರ್ ಮಾತ್ರ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಗು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದರೂ ಅದರ ಹಳೆ ಮಾದರಿಗಳ ಎಲುಬು-ಕೀಲು ಇಂಚಿನ ಲೆಕ್ಕದ್ದೇ.

ಸುಲಭದ ಲೆಕ್ಕ ನೋಡಿ. ಅರ್ಧ ಇಂಚು ಅಂದರೆ 12.7 ಮಿ.ಮೀ. 13ರ ಪಾನಾ ಹೇಗೋ ಕೂತೀತು, ಆದರೆ ಸಡಿಲ. 9/16 ಇಂಚು ಅಂದರೆ ಸುಮಾರು 14.3 ಮಿ.ಮೀ. 14 ಹಿಡಿಸುವುದಿಲ್ಲ, 15 ಹಾಕಿದರೆ 0.7 ಮಿ.ಮೀ. ಆಟ. ತುಕ್ಕು ಹಿಡಿದ ಬೋಲ್ಟಿನ ಮೂಲೆ ಸವೆಯಲಿಕ್ಕೆ ಅಷ್ಟು ಸಾಕು. ಒಮ್ಮೆ ಮೂಲೆ ಸವೆದು ಗುಂಡಗಾದರೆ ಹತ್ತು ನಿಮಿಷದ ಕೆಲಸ ಒಂದು ದಿನಕ್ಕೆ ಹೋಗುತ್ತದೆ. ಅದಕ್ಕೇ ತಲೆಯನ್ನು ಅಳೆದು, ಸರಿ ಸೈಜಿನ ಇಂಚಿನ ರಿಂಗ್ ಪಾನಾ ತನ್ನಿ. ಒಳಗೆ ಹನ್ನೆರಡು ಮೂಲೆ ಇರುವುದಕ್ಕಿಂತ ಆರು ಮೂಲೆ ಇರುವುದು ಬೋಲ್ಟನ್ನು ಗಟ್ಟಿಯಾಗಿ ಹಿಡಿಯುತ್ತದೆ. ಬಾಯಿ ತೆರೆದ ಪಾನಾ ಈ ಕೆಲಸಕ್ಕೆ ಬೇಡ.

ಬಿಚ್ಚುವ ಕ್ರಮ

ಪಾನಾ ಹಾಕುವ ಮುಂಚೆ ಗುರುತು. ಎರಡೂ ತಟ್ಟೆಗಳ ಅಂಚಿಗೆ ಅಡ್ಡಲಾಗಿ ಬಿಳಿ ಬಣ್ಣದ ಒಂದು ಗೆರೆ ಎಳೆದು ಫೋನಿನಲ್ಲಿ ಫೋಟೊ ತೆಗೆದೆ. ಶಾಫ್ಟ್ ಇದ್ದ ಹಾಗೇ ಮರಳಿ ಕೂತರೆ ಅದರ ತೂಕದ ಸಮತೋಲ ಕೆಡುವುದಿಲ್ಲ. ಶಾಫ್ಟ್ ನಡುವೆ ಜಾರುವ ಹಲ್ಲಿನ ಜೋಡಣೆ ಇದ್ದರೆ ಅದಕ್ಕೂ ಗುರುತು ಬೇಕು. ಒಂದೇ ಕ್ರಾಸ್ ಓರೆಯಲ್ಲಿ ತಿರುಗುವಾಗ ವೇಗ ಪ್ರತಿ ಸುತ್ತಿನಲ್ಲೂ ಸ್ವಲ್ಪ ಏರಿಳಿಯುತ್ತದೆ. ಮುಂದಿನದರ ಏರಿಳಿತವನ್ನು ಹಿಂದಿನದು ಸರಿದೂಗಿಸುತ್ತದೆ. ಎರಡೂ ತುದಿಯ ಕವೆಗಳು ಒಂದೇ ಸಾಲಿನಲ್ಲಿದ್ದರೆ ಮಾತ್ರ ಇದು ನಡೆಯುತ್ತದೆ. ಹಲ್ಲು ತಪ್ಪಿಸಿ ಕೂಡಿಸಿದರೆ ಹೊಸ ಕ್ರಾಸ್ ಹಾಕಿದರೂ ಗಾಡಿ ನಡುಗುತ್ತದೆ.

ನಾಲ್ಕೂ ಬೋಲ್ಟು ಒಂದೇ ಸಲ ಕೈಗೆ ಸಿಗುವುದಿಲ್ಲ. ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಇಳಿಸಿ, ಚಕ್ರವನ್ನು ಕೈಯಿಂದ ತಿರುಗಿಸಿದರೆ ಬೇಕಾದ ಬೋಲ್ಟು ಕೆಳಗೆ ಬರುತ್ತದೆ. ಮತ್ತೆ ಹ್ಯಾಂಡ್‌ಬ್ರೇಕ್ ಎಳೆದರೆ ಶಾಫ್ಟ್ ತಿರುಗದೆ ನಿಲ್ಲುತ್ತದೆ. ಮೇಲೆ ಕೂತು ಬ್ರೇಕ್ ಎಳೆಯುವ-ಬಿಡುವ ಕೆಲಸ ಕಾಕಾನದು.

ಒಂದನ್ನು ಪೂರಾ ತೆಗೆದು ಇನ್ನೊಂದಕ್ಕೆ ಹೋಗಬಾರದು. ನಾಲ್ಕನ್ನೂ ಮೊದಲು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಒಂದೊಂದಾಗಿ ತೆಗೆಯಬೇಕು. ಬೋಲ್ಟಿನ ತಲೆಗೆ ಒಂದು ಪಾನಾ, ನಟ್ಟಿಗೆ ಒಂದು. ಜಗ್ಗದಿದ್ದರೆ ಚೂರು ಬಿಗಿಯುವ ಕಡೆಗೆ ತಿರುಗಿಸಿ ನೋಡಿ. ಎಷ್ಟೋ ಸಲ ತುಕ್ಕಿನ ಹಿಡಿತ ಹಾಗೇ ಬಿಡುತ್ತದೆ.

ಪಾನಾಕ್ಕೆ ಪೈಪು ಸಿಕ್ಕಿಸುವ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ಹಾಕಿ ನೋಡಿ. 25 ಸೆಂ.ಮೀ. ಪಾನಾಕ್ಕೆ 20 ಕೆಜಿ ಒತ್ತಡ ಹಾಕಿದರೆ 5 ಕೆಜಿ-ಮೀಟರ್. ಅದಕ್ಕೇ ಪೈಪು ಸೇರಿಸಿ ಒಂದು ಮೀಟರ್ ಮಾಡಿದರೆ ಅದೇ ಕೈಗೆ 20 ಕೆಜಿ-ಮೀಟರ್. ಸಣ್ಣ ಬೋಲ್ಟು ಅಲ್ಲೇ ಮುರಿಯುತ್ತದೆ. ತೀರಾ ಬರದ ನಟ್ಟನ್ನು ಉಳಿಯಿಂದ ಸೀಳಿ ತೆಗೆಯಬಹುದು, ಗರಗಸದಿಂದ ಕೊಯ್ಯಬಹುದು. ಫ್ಲ್ಯಾಂಜಿಗೆ ಮಾತ್ರ ಗಾಯ ಆಗಬಾರದು. ಗ್ಯಾಸ್ ಬೆಂಕಿ ಹಿಡಿಯುವ ಮಾತು ಬಂದರೆ ಅಲ್ಲಿಗೆ ನಿಲ್ಲಿಸಿ. ಹತ್ತಿರದಲ್ಲೇ ಬ್ರೇಕ್ ಪೈಪು, ರಬ್ಬರ್ ಸೀಲು ಇವೆ, ಹಿಂದೆ ಪೆಟ್ರೋಲ್ ಟ್ಯಾಂಕ್ ಇದೆ. ಅದು ಅನುಭವಿಗಳ ಕೆಲಸ.

ಕೊನೆಯ ಬೋಲ್ಟು ತೆಗೆಯುವಾಗ ಶಾಫ್ಟಿನ ಕೆಳಗೆ ಒಂದು ಕೈ ಅಥವಾ ಹಗ್ಗದ ಆಸರೆ ಇರಲಿ. ಅದು ಬೀಳುವ ಜಾಗದಲ್ಲೇ ನಿಮ್ಮ ಮುಖ ಇರುತ್ತದೆ. ಮುಂದಿನ ತುದಿ ಗೇರ್‌ಬಾಕ್ಸಿನೊಳಗೆ ಜಾರಿ ಕೂರುವ ಮಾದರಿಯಾದರೆ, ಎಳೆದಕೂಡಲೇ ಎಣ್ಣೆ ಸುರಿಯುತ್ತದೆ, ಡಬ್ಬಿ ಇಟ್ಟುಕೊಳ್ಳಿ. ಹಳೆ ಜೀಪುಗಳಲ್ಲಿ ಕ್ರಾಸಿನ ಬಟ್ಟಲನ್ನೇ ಯು ಆಕಾರದ ಬೋಲ್ಟು ಹಿಡಿದಿರುತ್ತದೆ. ಬಿಚ್ಚಿದಕೂಡಲೇ ಎದುರು-ಬದುರು ಬಟ್ಟಲಿಗೆ ಟೇಪು ಸುತ್ತಿ. ಇಲ್ಲದಿದ್ದರೆ ಬಟ್ಟಲು ಜಾರಿ, ಸೂಜಿಗಳು ಮಣ್ಣು ಪಾಲು.

ಕೈಗೆ ಬಂದದ್ದು

ನಾಲ್ಕು ಬೋಲ್ಟು ತೊಳೆದು ಫರಸಿಯ ಮೇಲೆ ಸಾಲಾಗಿ ಇಟ್ಟೆ. ಚಾಚಾ ಕನ್ನಡಕ ಏರಿಸಿ ನೋಡಿದರು. ಮೂರು ಒಂದೇ ಜಾತಿಯವು. ನಾಲ್ಕನೆಯದರ ತಲೆಯ ಮೇಲೆ ಯಾವ ಗುರುತೂ ಇಲ್ಲ. ಹಿಂದೆ ಯಾವಾಗಲೋ, ಯಾವುದೋ ಗ್ಯಾರೇಜಿನಲ್ಲಿ, ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟು ಸೇರಿಕೊಂಡಿತ್ತು. ನಟ್ಟು ಕೈಬೆರಳಲ್ಲೇ ತಿರುಗುವಷ್ಟು ಸಡಿಲ. ಬೋಲ್ಟಿನ ಮೈಯಲ್ಲಿ ತಟ್ಟೆಗಳು ಕೂಡುವ ಜಾಗಕ್ಕೆ ಸರಿಯಾಗಿ ಒಂದು ತಗ್ಗು, ಕೊಯ್ದಂತೆ. ಉಗುರು ಸಿಕ್ಕುವಷ್ಟು ಆಳ.

ಕಾಕಾ ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತರು. ಹೋದ ತಿಂಗಳಷ್ಟೇ ಅವರು ಕಾಕಿಯನ್ನೂ ಮೊಮ್ಮಕ್ಕಳನ್ನೂ ಕೂಡಿಸಿಕೊಂಡು ಉದಗೀರ್‌ಗೆ ಹೋಗಿ ಬಂದಿದ್ದರು.

ಕ್ರಾಸ್ ಹೇಗಿತ್ತು? ಅದನ್ನೂ ನೋಡಲೇಬೇಕು. ಕವೆ ಹಿಡಿದು ಅಲುಗಾಡಿಸಿದಾಗ ಆಟ ಸಿಕ್ಕರೆ, ಬಟ್ಟಲಿನ ಅಂಚಿನಲ್ಲಿ ಕೆಂಪು ಪುಡಿ ಕಂಡರೆ, ಗ್ರೀಸು ಒಣಗಿ ಬೇರಿಂಗ್ ಹೋಗಿದೆ ಅಂತ. ನಮ್ಮ ಕ್ರಾಸ್ ಗಟ್ಟಿಯಾಗೇ ಇತ್ತು. ‘ಟಕ್’ ಅನ್ನುತ್ತಿದ್ದುದು ಆ ಸಡಿಲ ಬೋಲ್ಟಿನ ಸುತ್ತ ಅತ್ತಿತ್ತ ಸರಿಯುತ್ತಿದ್ದ ಎರಡು ತಟ್ಟೆಗಳು.

ಬೋಲ್ಟು ನಿಜವಾಗಿ ಏನು ಮಾಡುತ್ತದೆ?

ಬೋಲ್ಟು ಗೂಟದ ಹಾಗೆ ಅಡ್ಡ ನಿಂತು ತಟ್ಟೆಗಳನ್ನು ತಡೆಯುತ್ತದೆ ಅಂತ ಬಹಳ ಮಂದಿ ತಿಳಿದಿರುತ್ತಾರೆ. ಅಸಲು ಕೆಲಸ ಬೇರೆ. ಬಿಗಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ, ಗಟ್ಟಿ ಸ್ಪ್ರಿಂಗ್ ಎಳೆದ ಹಾಗೆ. ಆ ಎಳೆತ ಎರಡು ತಟ್ಟೆಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ತಟ್ಟೆಗಳ ನಡುವಿನ ಘರ್ಷಣೆಯೇ ತಿರುಗುವ ಶಕ್ತಿಯನ್ನು ದಾಟಿಸುತ್ತದೆ. ಒತ್ತು ಇಳಿದರೆ ತಟ್ಟೆಗಳು ಸರಿದಾಡುತ್ತವೆ. ಆಗ ಪೆಟ್ಟೆಲ್ಲ ಬೋಲ್ಟಿನ ಮೈಗೆ. ಸಾದಾ ಬೋಲ್ಟಿಗೆ ಅಷ್ಟು ಬಿಗಿತ ತಡೆಯುವ ಗುಣವೇ ಇಲ್ಲ. ಅದು ಹಿಗ್ಗಿ ಹಾಗೇ ಉಳಿದುಬಿಡುತ್ತದೆ. ಒಂದು ಸಡಿಲಾದರೆ ಅದರ ಪಾಲಿನ ಭಾರ ಉಳಿದ ಮೂರಕ್ಕೆ.

ಅದಕ್ಕೇ ಬೋಲ್ಟಿನ ತಲೆ ಓದುವುದನ್ನು ಕಲಿಯಿರಿ. ಎಂಎಂ ಬೋಲ್ಟಿನ ಮೇಲೆ 8.8 ಅಂತ ಇದ್ದರೆ ಚದರ ಮಿ.ಮೀ.ಗೆ 800 ನ್ಯೂಟನ್ ಎಳೆತದವರೆಗೆ ತಡೆಯುತ್ತದೆ, ಅದರ ಶೇ 80ರವರೆಗೆ ಹಿಗ್ಗಿದರೂ ಮರಳಿ ಮೊದಲಿನಂತಾಗುತ್ತದೆ ಅಂತ ಅರ್ಥ. ಅಮೆರಿಕನ್ ಪದ್ಧತಿಯ ಇಂಚಿನ ಬೋಲ್ಟಿನಲ್ಲಿ ಅಂಕಿಯ ಬದಲು ಗೆರೆಗಳು: ಮೂರು ಗೆರೆ ಗ್ರೇಡ್ 5, ಆರು ಗೆರೆ ಗ್ರೇಡ್ 8. ಗುರುತೇ ಇಲ್ಲದ ಬೋಲ್ಟು ಗೇಟಿಗೆ, ಮೇಜಿಗೆ ಸರಿ, ಶಾಫ್ಟಿಗೆ ಅಲ್ಲ.

ಥ್ರೆಡ್ ಕೂಡ ನೋಡಬೇಕು. 3/8 ಮತ್ತು 5/16 ಇಂಚಿನ ಯುಎನ್‌ಎಫ್ ಬೋಲ್ಟುಗಳಲ್ಲಿ ಇಂಚಿಗೆ 24 ಸುತ್ತು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 10 ಎಂಎಂ ಬೋಲ್ಟಿನಲ್ಲಿ ಸುಮಾರು 17. ‘ಹತ್ತಿರದ ಸೈಜು, ನಡೀತದ’ ಅನ್ನುವ ಮಾತಿಗೆ ಒಪ್ಪಬೇಡಿ. ಬೋಲ್ಟಿನ ಉದ್ದವೂ ಹಾಗೇ. ತಟ್ಟೆಯ ತೂತಿನೊಳಗೆ ಥ್ರೆಡ್ ಇಲ್ಲದ ನುಣುಪು ಮೈ ಕೂರಬೇಕು.

ಶನಿವಾರ ಸಂಜೆಯೊಳಗೆ ಬೋಲ್ಟು ಸಿಗುವ ಹಾಗಿರಲಿಲ್ಲ. ನಿಶ್ಚಯಕ್ಕೆ ಎಲ್ಲರೂ ಬಸ್ಸಿನಲ್ಲೇ ಹೋದೆವು. ಮರುವಾರ ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಹಳೆ ಬೋಲ್ಟನ್ನು ಕೈಯಲ್ಲಿ ಹಿಡಿದು ಅಂಗಡಿ ಅಂಗಡಿ ತಿರುಗಿ ನಾಲ್ಕು ಬೋಲ್ಟು, ನಾಲ್ಕು ನಟ್ಟು ತಂದೆ. ಬೆಂಗಳೂರಿನವರಿಗೆ ಜೆ.ಸಿ. ರೋಡ್ ಇದೆ. ಒಂದು ಕೆಟ್ಟಿದ್ದರೂ ನಾಲ್ಕನ್ನೂ ಬದಲಿಸಿ. ಖರ್ಚು ಒಂದು ಸಿನಿಮಾ ಟಿಕೆಟ್ಟಿನಷ್ಟೂ ಆಗಲಿಲ್ಲ.

ಬಿಗಿಯುವ ಕ್ರಮ

ಮೊದಲು ಎರಡೂ ತಟ್ಟೆಯ ಮುಖ ಲೋಹ ಕಾಣುವ ಹಾಗೆ ಒರೆಸಿ. ನಡುವೆ ಬಣ್ಣದ ಪದರ, ತುಕ್ಕು, ಮಣ್ಣು ಉಳಿದರೆ ಅದು ದಿನಕಳೆದಂತೆ ಪುಡಿಯಾಗಿ ಬಿಗಿತ ತಾನಾಗಿಯೇ ಇಳಿಯುತ್ತದೆ. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಫ್ಲ್ಯಾಂಜನ್ನೇ ಬದಲಿಸಬೇಕು. ನಮ್ಮದು ಬಚಾವಾಗಿತ್ತು.

ಬಿಳಿ ಗೆರೆ ಸರಿಯಾಗಿ ಕೂಡಿಸಿ, ನಾಲ್ಕೂ ಬೋಲ್ಟನ್ನು ಕೈಯಿಂದಲೇ ಹಾಕಿ. ಆಮೇಲೆ ಎದುರು-ಬದುರು ಕ್ರಮದಲ್ಲಿ, ಎರಡು-ಮೂರು ಹಂತದಲ್ಲಿ ಬಿಗಿಯಿರಿ. ತಿರುಗಿಸುವುದು ಆದಷ್ಟು ನಟ್ಟನ್ನು, ಬೋಲ್ಟನ್ನಲ್ಲ. ಎಷ್ಟು ಬಿಗಿಯಬೇಕು ಅನ್ನುವುದು ನಿಮ್ಮ ಮಾದರಿಯ ವರ್ಕ್‌ಶಾಪ್ ಪುಸ್ತಕದಲ್ಲಿರುತ್ತದೆ. ಅದನ್ನು ಟಾರ್ಕ್ ಪಾನಾದಿಂದ ಅಳೆದು ಬಿಗಿಯಿರಿ. ಪುಸ್ತಕ ಹೇಳದಿದ್ದರೆ ಥ್ರೆಡ್ಡಿಗೆ ಎಣ್ಣೆ ಸವರಬೇಡಿ. ಎಣ್ಣೆ ಇದ್ದರೆ ಅದೇ ಅಂಕಿಗೆ ಬೋಲ್ಟು ಹೆಚ್ಚು ಹಿಗ್ಗುತ್ತದೆ.

ಇನ್ನು ಲಾಕ್ ಮಾಡುವ ವಿಷಯ. ನಮ್ಮ ಕಡೆ ಎಲ್ಲದಕ್ಕೂ ಒಂದು ಸ್ಪ್ರಿಂಗ್ ವಾಷರ್ ಹಾಕಿ ಮುಗಿಸುತ್ತಾರೆ. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ 1969ರಲ್ಲಿ ಪ್ರಕಟಿಸಿದ ಸಂಶೋಧನೆ, ನಟ್ಟು ತಾನಾಗಿ ಬಿಚ್ಚಿಕೊಳ್ಳಲು ಮುಖ್ಯ ಕಾರಣ ಅಡ್ಡಡ್ಡ ಅಲುಗಾಟ ಅಂತ ತೋರಿಸಿತು. ಅವರ ಹೆಸರಿನ ಪರೀಕ್ಷಾ ಯಂತ್ರದಲ್ಲಿ ಇಟ್ಟು ನೋಡಿದರೆ ಸಾದಾ ಸ್ಪ್ರಿಂಗ್ ವಾಷರ್ ಅಂಥ ಅಲುಗಾಟವನ್ನು ತಡೆಯುವುದಿಲ್ಲ. ಸರಿಯಾದ ಬಿಗಿತವೇ ಮೊದಲ ಲಾಕು. ಉಳಿದದ್ದೆಲ್ಲ ಎರಡನೆಯ ಕಾವಲು.

ಆ ಎರಡನೆಯ ಕಾವಲು ಹೀಗಿರಬಹುದು:

• ನೈಲಾನ್ ಉಂಗುರ ಇರುವ ಲಾಕ್ ನಟ್ಟು. ಬೋಲ್ಟಿನ ತುದಿ ಉಂಗುರ ದಾಟಿ ಒಂದೆರಡು ಸುತ್ತು ಹೊರಗೆ ಕಾಣಬೇಕು. ಪ್ರತಿ ಸಲ ಹೊಸದು ಹಾಕಿ. ಬೆರಳಲ್ಲೇ ತಿರುಗುವ ಹಳೆಯದು, ಬೆಂಕಿ ತಾಗಿದ್ದು, ಎರಡೂ ಕಸಕ್ಕೆ.

• ಥ್ರೆಡ್ ಲಾಕರ್ ದ್ರವ. ಗಾಳಿ ಇಲ್ಲದ ಕಡೆ, ಲೋಹದ ನಡುವೆ ಗಟ್ಟಿಯಾಗುವ ಅಂಟು ಇದು. ಥ್ರೆಡ್ ಎಣ್ಣೆ-ಗ್ರೀಸು ಇಲ್ಲದೆ ಒಣಗಿರಬೇಕು. ಮುಂದೆ ಬಿಚ್ಚಬೇಕಾದ ಕಡೆ ಮಧ್ಯಮ ಬಲದ್ದೇ ಸಾಕು. ನೈಲಾನ್ ನಟ್ಟಿದ್ದರೆ ಇದು ಬೇಡ.

• ಕಿರೀಟದಂಥ ನಟ್ಟು, ಸ್ಪ್ಲಿಟ್ ಪಿನ್. ಚಕ್ರದ ಹಬ್ ಬಳಿ ಟಾರ್ಕ್ ಕೊಟ್ಟು ಬಿಗಿಯುವ ಇಂಥ ನಟ್ಟಿದ್ದರೆ, ತೂತು ಕೂಡಲಿಲ್ಲ ಅಂತ ಹಿಂದಕ್ಕೆ ಸಡಿಲಿಸಬೇಡಿ. ಮುಂದಿನ ಸೀಳಿಗೆ ಬರುವವರೆಗೆ ಬಿಗಿಯಿರಿ. ಹಳೆ ಪಿನ್ ನೆಟ್ಟಗೆ ಮಾಡಿ ಮತ್ತೆ ಹಾಕುವ ಚಾಳಿ ಬಿಡಿ. (ಬೇರಿಂಗ್ ಸರಿಹೊಂದಿಸುವ ನಟ್ಟಿನ ಕ್ರಮ ಬೇರೆ, ಅಲ್ಲಿ ಪುಸ್ತಕ ನೋಡಿ.)

ನಿಮ್ಮ ಮನೆಯದು 1983ರಲ್ಲಿ ಬಂದ ಮಾರುತಿ 800 ಮನೆತನದ್ದಾದರೆ ಈ ಉದ್ದ ಶಾಫ್ಟೇ ಇಲ್ಲ. ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಅಲ್ಲಿ ನೋಡಬೇಕಾದದ್ದು ಚಕ್ರದ ಹತ್ತಿರದ ರಬ್ಬರ್ ಚೀಲ. ಅದು ಹರಿದು ಮಣ್ಣು ಹೊಕ್ಕರೆ, ಸ್ಟಿಯರಿಂಗ್ ಪೂರಾ ತಿರುಗಿಸಿದಾಗ ‘ಕಟ ಕಟ’ ಸದ್ದು.

ಕೊನೆಯ ಹತ್ತು ನಿಮಿಷ

ಬಿಗಿದ ಮೇಲೆ ಪ್ರತಿ ನಟ್ಟಿನಿಂದ ತಟ್ಟೆಯವರೆಗೆ ಬಣ್ಣದ ಒಂದು ಗೆರೆ ಎಳೆಯಿರಿ. ನಟ್ಟು ಚೂರು ಸರಿದರೂ ಗೆರೆ ಮುರಿದು ಕಾಣುತ್ತದೆ. ಪಾನಾ ಬೇಡ, ಬಗ್ಗಿ ಟಾರ್ಚ್ ಹಾಕಿದರೆ ಸಾಕು. ವಿಮಾನ ರಿಪೇರಿ ಮಾಡುವವರೂ ಇದೇ ರೀತಿ ಗುರುತು ಹಾಕುತ್ತಾರೆ. ನಾವು ಎಕಂಬಾದಿಂದ ಔರಾದ್‌ವರೆಗೆ ನಿಧಾನಕ್ಕೆ ಹೋಗಿ ಬಂದು ಒಮ್ಮೆ ನೋಡಿದೆವು, ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ. ನಾಲ್ಕೂ ಗೆರೆ ನೆಟ್ಟಗಿದ್ದವು. ‘ಟಕ್’ ಇಲ್ಲ, ನಡುಕ ಇಲ್ಲ.

ಈ ಕೆಲಸ ಎಲ್ಲರೂ ತಾವೇ ಮಾಡಬೇಕು ಅಂತ ನಾನು ಹೇಳುವುದಿಲ್ಲ. ಸ್ಟ್ಯಾಂಡ್, ಸರಿಯಾದ ಪಾನಾ, ಗೊತ್ತಿದ್ದವರು ಪಕ್ಕದಲ್ಲಿ, ಈ ಮೂರರಲ್ಲಿ ಒಂದಿಲ್ಲದಿದ್ದರೂ ಗ್ಯಾರೇಜಿಗೇ ಕೊಡಿ. ಆದರೆ ಗಾಡಿ ಮರಳಿ ತರುವಾಗ ಮೂರು ಪ್ರಶ್ನೆ ಕೇಳಿ: ಬೋಲ್ಟಿನ ತಲೆಯ ಮೇಲೆ ಏನು ಗುರುತಿದೆ? ಲಾಕ್ ನಟ್ಟು ಹೊಸದೇ? ಬಣ್ಣದ ಗೆರೆ ಎಳೆದಿದ್ದೀರಾ? ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಜಾರಾಗುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ.

ಇನ್ನೊಂದು ಕೆಲಸ. ಚಾಚಾನಂಥವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಅವರ ತಲೆಯಲ್ಲಿರುವುದು ಯಾವ ಪುಸ್ತಕದಲ್ಲೂ ಪೂರಾ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ಅವರ ಪಕ್ಕ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಮ್ಮ ಅಂಬಾಸಿಡರ್ ಡಿಕ್ಕಿಯ ಮುಚ್ಚಳದ ಒಳಗೆ ಈಗ ಒಂದು ಚೀಟಿ ಅಂಟಿಸಿದೆ: ಬೋಲ್ಟಿನ ಸೈಜು, ಪಾನಾದ ನಂಬರು, ಟಾರ್ಕ್ ಅಂಕಿ, ಬದಲಿಸಿದ ತಾರೀಖು. ಮುಂದೆ ಆ ಗಾಡಿಯ ಕೆಳಗೆ ಹೋಗುವವರು ಯಾರೇ ಆಗಲಿ, ಕೆಲಸ ಶುರು ಮಾಡುವ ಮೊದಲು ಅದನ್ನು ಓದಲಿ.